ಮೀನುತೊಟ್ಟಿಯ ದೀಪ

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸ ಇಂದು ಅನೇಕ ಮನೆಗಳಲ್ಲಿ ಕಂಡುಬರುತ್ತದೆ. ತೊಟ್ಟಿಯನ್ನು ಚೌಕಾಸಿ ಮಾಡಿ ಕೊಳ್ಳುವವರು, ಅದರ ಮೇಲಿಡುವ ದೀಪದ ವಿಷಯದಲ್ಲಿ ಮಾತ್ರ ಅಂಗಡಿಯವನು ಕೊಟ್ಟದ್ದನ್ನು ತರುತ್ತಾರೆ. ತೊಟ್ಟಿಯ ಬೆಲೆಯನ್ನು ಒಮ್ಮೆ ತೆತ್ತರೆ ತೀರಿತು. ದೀಪವಾದರೋ ತಿಂಗಳು ತಿಂಗಳೂ ವಿದ್ಯುತ್ತಿನ ಬಿಲ್ಲಿನಲ್ಲಿ ತನ್ನ ಪಾಲನ್ನು ಕೇಳುತ್ತಲೇ ಇರುತ್ತದೆ.

ಎರಡು ಅಡಿ ಉದ್ದದ, ಕೆಲವು ನೀರುಗಿಡಗಳೂ ಇರುವ ಒಂದು ತೊಟ್ಟಿಯನ್ನು ತೆಗೆದುಕೊಳ್ಳೋಣ. ದೀಪವು ದಿನಕ್ಕೆ 8 ಗಂಟೆ ಉರಿದರೆ ವರ್ಷಕ್ಕೆ 2,920 ಗಂಟೆಗಳಾಗುತ್ತವೆ. ಸುಮಾರು 1,200 ಲ್ಯೂಮೆನ್ ಬೆಳಕನ್ನು 100 ವ್ಯಾಟಿನ ಹಳೆಯ ಬಲ್ಬಿನಿಂದಲೋ, 18 ವ್ಯಾಟಿನ ಟ್ಯೂಬ್‌ಲೈಟಿನಿಂದಲೋ, 12 ವ್ಯಾಟಿನ ಎಲ್‌ಇಡಿಯಿಂದಲೋ ಪಡೆಯಬಹುದು.

ಬಲ್ಬಿನಲ್ಲಿ ಟಂಗ್‌ಸ್ಟನ್ ತಂತು ಕಾದು ಬೆಳಗುತ್ತದೆ. ಅದು ಪಡೆಯುವ ಶಕ್ತಿಯಲ್ಲಿ ನೂರಕ್ಕೆ ಹತ್ತು ಪಾಲೂ ಬೆಳಕಾಗುವುದಿಲ್ಲ, ಉಳಿದುದೆಲ್ಲ ಶಾಖ. ಈ ಶಾಖ ತೊಟ್ಟಿಯ ನೀರಿಗೂ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ರಾಯಚೂರಿನ ಬೇಸಗೆಯಲ್ಲಿ ಇಂತಹ ದೀಪವನ್ನು ಪುಟ್ಟ ತೊಟ್ಟಿಯ ಮೇಲಿಟ್ಟರೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದರಲ್ಲಿ ಆಶ್ಚರ್ಯವಿಲ್ಲ.

ಟ್ಯೂಬ್‌ಲೈಟಿನಲ್ಲಿ ಪಾದರಸದ ಆವಿಯಿಂದ ಹೊರಟ ಅತಿನೇರಳೆ ಕಿರಣಗಳು ನಳಿಗೆಯ ಒಳಮೈಯ ಲೇಪಕ್ಕೆ ತಗುಲಿ ಬೆಳಕಾಗುತ್ತವೆ. ಇದರ ಲೆಕ್ಕದಲ್ಲಿ ಹಲವರು ಮರೆಯುವ ವಸ್ತುವೆಂದರೆ ಚೋಕು. ಹಳೆಯ ಬಗೆಯ ಚೋಕು ತಾನೇ ಸುಮಾರು 10 ವ್ಯಾಟನ್ನು ನುಂಗುವುದರಿಂದ 18 ವ್ಯಾಟಿನ ದೀಪ ನಿಜವಾಗಿ 28 ವ್ಯಾಟಿನದಾಗುತ್ತದೆ. ನಳಿಗೆ ಉರಿಯುತ್ತಿದ್ದರೂ ಅದರ ಬೆಳಕು ಕ್ರಮೇಣ ಕುಂದುವುದರಿಂದ, ಗಿಡ ಬೆಳೆಸುವವರು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ವಾಡಿಕೆ.

ಎಲ್‌ಇಡಿಯಲ್ಲಿ ಅರೆವಾಹಕದ ಚಿಕ್ಕ ತುಣುಕು ನೇರವಾಗಿ ಬೆಳಕನ್ನು ಹೊಮ್ಮಿಸುತ್ತದೆ. ನೀಲಿ ಎಲ್‌ಇಡಿಯನ್ನು ರೂಪಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಆ ನೀಲಿ ಬೆಳಕಿಗೆ ಹಳದಿ ಬೆಳಕು ಬೀರುವ ಲೇಪ ಸೇರಿದ್ದರಿಂದಲೇ ಬಿಳಿಯ ದೀಪ ಸಾಧ್ಯವಾಯಿತು.

ಈಗ ಗಣಿತಕ್ಕೆ ಬರೋಣ. ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಹಾಗಾಗಿ ವರ್ಷವೊಂದಕ್ಕೆ ಬಲ್ಬು 292, ಟ್ಯೂಬ್‌ಲೈಟು ಸುಮಾರು 82, ಎಲ್‌ಇಡಿ 35 ಯೂನಿಟ್ಟುಗಳನ್ನು ಬಳಸುತ್ತವೆ. ಯೂನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಂಡರೆ ಕ್ರಮವಾಗಿ 2,044, 574 ಮತ್ತು 245 ರೂಪಾಯಿ. ಬಲ್ಬಿನ ಆಯುಸ್ಸು ಸುಮಾರು ಸಾವಿರ ಗಂಟೆಯಾದುದರಿಂದ ಐದು ವರ್ಷಕ್ಕೆ ಹದಿನೈದು ಬಲ್ಬುಗಳು ಬೇಕು. ಅದರ ವಿದ್ಯುತ್ತಿನ ಖರ್ಚೇ 10,220 ರೂಪಾಯಿಯಾಗುವಾಗ, ಅದನ್ನು ಸ್ಪರ್ಧೆಯಿಂದ ಕೈಬಿಡಬಹುದು.

ಉಳಿದ ಎರಡರ ಹೋಲಿಕೆ ಸ್ವಾರಸ್ಯವಾದುದು. ಟ್ಯೂಬ್‌ಲೈಟಿನ ಜೋಡಣೆಗೆ 600, ಪ್ರತಿ ಹೊಸ ನಳಿಗೆಗೆ 100, ಎಲ್‌ಇಡಿಗೆ 1,500 ರೂಪಾಯಿ ಎಂದು ಊಹಿಸೋಣ. ಮೊದಲ ವರ್ಷ ಟ್ಯೂಬ್‌ಲೈಟಿಗೆ 1,174, ಎಲ್‌ಇಡಿಗೆ 1,745. ಅಲ್ಲಿಗೇ ಲೆಕ್ಕವನ್ನು ನಿಲ್ಲಿಸಿದವನು ಟ್ಯೂಬ್‌ಲೈಟೇ ಅಗ್ಗವೆನ್ನುತ್ತಾನೆ. ಮೂರನೆಯ ವರ್ಷದಲ್ಲಿ ತಕ್ಕಡಿ ತಿರುಗುತ್ತದೆ. ಐದು ವರ್ಷಗಳ ಕೊನೆಗೆ ಟ್ಯೂಬ್‌ಲೈಟಿಗೆ 3,870, ಎಲ್‌ಇಡಿಗೆ 2,725 ರೂಪಾಯಿ.

ಆದರೆ ಇದು ಎಲ್‌ಇಡಿ ಐದು ವರ್ಷ ಬಾಳಿದರೆ ಮಾತ್ರ. ಒಳ್ಳೆಯ ಎಲ್‌ಇಡಿ 25,000 ಗಂಟೆ ಬಾಳಬಲ್ಲದು. ಆದರೆ ತೊಟ್ಟಿಯ ತೇವ ತಗುಲಿ ಅದಕ್ಕೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಭಾಗ ಮೊದಲೇ ಕೆಡುವುದುಂಟು. ನಡುವೆ ಒಮ್ಮೆ ಇಡೀ ದೀಪವನ್ನೇ ಹೊಸದಾಗಿ ಕೊಳ್ಳಬೇಕಾಗಿ ಬಂದರೆ ವೆಚ್ಚ 4,225ಕ್ಕೇರಿ, ಟ್ಯೂಬ್‌ಲೈಟೇ ಗೆಲ್ಲುತ್ತದೆ. ಆದುದರಿಂದ ಕೊಳ್ಳುವಾಗ ವ್ಯಾಟಿಗಿಂತ ಮೊದಲು ನೀರು ಒಳಸೇರದಂತಹ ಕಟ್ಟಣೆಯನ್ನೂ ಖಾತರಿಯ ಅವಧಿಯನ್ನೂ ವಿಚಾರಿಸುವುದು ಜಾಣತನ. ಇತ್ತ ಪಾದರಸದ ಹಾನಿಯ ಕಾರಣದಿಂದ ಸಾಮಾನ್ಯ ಟ್ಯೂಬ್‌ಲೈಟುಗಳ ತಯಾರಿಕೆಯನ್ನು 2027ರೊಳಗೆ ನಿಲ್ಲಿಸಲು ಮಿನಮಾಟಾ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ತೀರ್ಮಾನಿಸಿವೆ. ಬದಲಿ ನಳಿಗೆ ಸಿಗುವುದೂ ಮುಂದೆ ಕಷ್ಟವಾದೀತು.

ಹಣ ತೆರದೆ ಆಗುವ ಉಳಿತಾಯವೊಂದಿದೆ. ದಿನಕ್ಕೆ 12 ಗಂಟೆ ಉರಿಯುವ ದೀಪವನ್ನು 8 ಗಂಟೆಗೆ ಇಳಿಸಿದರೆ, ಅದು ಯಾವ ಬಗೆಯದೇ ಆಗಲಿ, ವಿದ್ಯುತ್ತಿನ ಖರ್ಚಿನಲ್ಲಿ ಮೂರನೆಯ ಒಂದು ಪಾಲು ಉಳಿಯುತ್ತದೆ. ಗಾಜಿನ ಮೇಲೆ ಹಸಿರು ಪಾಚಿ ಕಟ್ಟುವುದೂ ತಗ್ಗುತ್ತದೆ. ಮೀನುಗಳಿಗೆ ರಾತ್ರಿಯ ಕತ್ತಲೆಯೂ ದೊರೆಯುತ್ತದೆ.