ಧೋಂಡಿಯ ವಾಘನೂ ‘ದರೋಡೆಕೋರ’ನೆಂಬ ಶಬ್ದವೂ

ಕ್ರಿ. ಶ. 1799ನೆಯ ಮೇ ತಿಂಗಳು 4ರಂದು ಶ್ರೀರಂಗಪಟ್ಟಣವು ಆಂಗ್ಲೇಯರ ವಶವಾಗಿ ಟಿಪ್ಪು ಸುಲ್ತಾನನು ಮಡಿದುದರೊಡನೆ ನಾಲ್ಕನೆಯ ಮೈಸೂರು ಯುದ್ಧವು ಮುಗಿಯಿತೆಂದು ಚರಿತ್ರೆಗಳು ಹೇಳುತ್ತವೆ. ಜೂನ್ 22ರ ಒಪ್ಪಂದದಿಂದ ರಾಜ್ಯವು ವಿಭಾಗವಾಯಿತು. 30ರಂದು ಐದು ವರ್ಷ ವಯಸ್ಸಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಕುಂಪಣಿಯ ದಂಡು ನಾಡಿನಲ್ಲಿ ನೆಲೆಯೂರಿತು. ಆದರೆ ಒಪ್ಪಂದವು ಪ್ರಭುಗಳೊಳಗಿನದು. ಜೀವನೋಪಾಯವನ್ನು ಕಳೆದುಕೊಂಡ ಸುಲ್ತಾನನ ಸವಾರರಿಗೆ ಅದರಲ್ಲಿ ಪಾಲಿರಲಿಲ್ಲ. ಇಂಥವರನ್ನು ಒಟ್ಟುಗೂಡಿಸಿ ಮತ್ತೆ ಕತ್ತಿಯನ್ನು ಹಿಡಿದವನು ಧೋಂಡಿಯ ವಾಘನು.

ಇವನು ಚನ್ನಗಿರಿಯಲ್ಲಿ ಹುಟ್ಟಿದ ಮರಾಠನು, ಹೈದರಾಲಿಯ ಸೈನ್ಯದಲ್ಲಿದ್ದವನು. ಮೂರನೆಯ ಯುದ್ಧದ ಕಾಲದಲ್ಲಿ ಸೇವೆಯನ್ನು ತೊರೆದು ಧಾರವಾಡದ ಕಡೆ ಕೊಳ್ಳೆಹೊಡೆದನು. ಬಳಿಕ ಟಿಪ್ಪುವಿನ ಬಳಿಗೆ ಬಂದು ಅವನಿಂದಲೇ ಸೆರೆಯಾದನು. ಪಟ್ಟಣವು ಬಿದ್ದ ಗೊಂದಲದಲ್ಲಿ ಸೆರೆಮನೆಯಿಂದ ಹೊರಬಿದ್ದು ಬಿದನೂರು ಸೀಮೆಯನ್ನು ಆಕ್ರಮಿಸಿದನು. ಅದೇ ಆಗಸ್ಟ್ ತಿಂಗಳಲ್ಲಿ ಕುಂಪಣಿಯ ಪಡೆಗಳು ಶಿಕಾರಿಪುರವನ್ನು ಹಿಡಿಯಲು, ಮರಾಠರ ಸೀಮೆಗೆ ದಾಟಿಹೋದನು. 1800ರಲ್ಲಿ ಮತ್ತೆ ಬಲಿತು, ಜೂನ್ 30ರಂದು ಕಿತ್ತೂರಿನ ಬಳಿ ಮರಾಠ ಸೇನಾನಿ ಧೋಂಡೋಪಂತ ಗೋಖಲೆಯನ್ನು ಕೊಂದನು.

ಕುಂಪಣಿಯ ಕಾಗದಪತ್ರಗಳು ಇವನನ್ನು ದರೋಡೆಕೋರನೆಂದೇ ಕರೆಯುತ್ತವೆ. ಪಾಠಪುಸ್ತಕಗಳೂ ಆ ಶಬ್ದವನ್ನು ಹಾಗೆಯೇ ಎತ್ತಿಕೊಂಡಿವೆ. ಈ ಶಬ್ದವು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಾರ್ಹವಾಗಿದೆ.

ಮೊದಲನೆಯದಾಗಿ ಅವನು ತಾಳಿದ ಬಿರುದು ‘ಉಭಯಲೋಕಾಧೀಶ್ವರ’. ಇದು ಷಷ್ಠೀತತ್ಪುರುಷ, ಇಹಪರಗಳೆರಡಕ್ಕೂ ಒಡೆಯನೆಂದರ್ಥ. ಆಂಗ್ಲ ಲೇಖಕರು ಇದನ್ನು ಕಂಡು ನಕ್ಕರು. ಆದರೆ ತ್ರೈಲೋಕ್ಯಮಲ್ಲ, ತ್ರಿಭುವನಮಲ್ಲ ಎಂಬ ಚಾಲುಕ್ಯರ ಬಿರುದುಗಳನ್ನು ಶಾಸನಗಳಲ್ಲಿ ಓದಿದವರಿಗೆ ಇದು ಹಾಸ್ಯಾಸ್ಪದವಾಗಿ ತೋರದು. ಸುಲಿಗೆಗೆ ಬಿರುದು ಬೇಡ. ಬಿರುದು ಬೇಕಾಗುವುದು ಆಳ್ವಿಕೆಗೆ.

ಎರಡನೆಯದು ಶತ್ರುವಿನ ನಡತೆ. ಸಿಕ್ಕಲ್ಲಿಯೇ ಗಲ್ಲಿಗೇರಿಸೆಂದು ಆಜ್ಞೆಯಾದ ಒಬ್ಬ ಕಳ್ಳನಿಗಾಗಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ದೊಡ್ಡ ಸೈನ್ಯದೊಡನೆ ತುಂಗಭದ್ರೆಯನ್ನು ದಾಟಿ ಪರರಾಜ್ಯವನ್ನು ಹೊಕ್ಕನು. ಜುಲೈ 26ರಂದು ಡಂಬಳದ ಕೋಟೆಯನ್ನು ಹಿಡಿದನು. 30ರಂದು ಮನೋಳಿಯ ಬಳಿ ಮಲಪ್ರಭೆಯ ದಡದಲ್ಲಿದ್ದ ಪಾಳೆಯವನ್ನು ಮುರಿದನು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ತಾನೇ ನಾಲ್ಕು ಕುದುರೆದಳಗಳನ್ನು ನಡೆಸಿ, ಸುಮಾರು 5,000 ಸವಾರರೊಡನೆ ಎದುರುನಿಂತ ಧೋಂಡಿಯನನ್ನು ಸಂಹರಿಸಿದನು. ಅನಾಥನಾದ ಅವನ ಮಗ ಸಲಾಬತ್ ಖಾನನ ಪೋಷಣೆಗೆ ಹಣವನ್ನೂ ಏರ್ಪಡಿಸಿದನು.

ಮೂರನೆಯದು ಥಾಮಸ್ ಮನ್ರೋವಿನ ಸಾಕ್ಷ್ಯ. ವೆಲ್ಲೆಸ್ಲಿಯ ಸೈನ್ಯವು ಅಡ್ಡಬಾರದಿದ್ದರೆ ಧೋಂಡಿಯನು ಸ್ವತಂತ್ರ ಪ್ರಭುವಾಗಿ ಹೊಸ ರಾಜವಂಶವೊಂದನ್ನು ಸ್ಥಾಪಿಸುತ್ತಿದ್ದನೆಂದು ಅವನು ಬರೆದನು; ಆ ವಂಶವು ಕ್ರೂರವಾಗುತ್ತಿತ್ತೆಂದೂ ಸೇರಿಸಿದನು. ಸಾಮಾನ್ಯ ಸೈನಿಕನಾಗಿ ಮೊದಲುಮಾಡಿದ ಹೈದರನು ದೊರೆಯಾದುದನ್ನು ಕಂಡ ನಾಡಿನಲ್ಲಿ ಇದು ಅಸಂಭವವಾಗಿರಲಿಲ್ಲ.

ಹಾಗೆಂದು ಇವನನ್ನು ದೇಶಭಕ್ತನೆಂದು ಕೊಂಡಾಡುವುದೂ ಯುಕ್ತವಲ್ಲ. ಅವನ ಸವಾರರು ಕೊಳ್ಳೆಯಿಂದಲೇ ಬದುಕಿದವರು. ಆ ಭಾರವನ್ನು ಹೊತ್ತವನು ರೈತನು. ಆ ರೈತನ ಬಾಯಿಂದ ಯಾವ ಶಬ್ದವು ಬರುತ್ತಿತ್ತೋ ಅದು ಕುಂಪಣಿಯ ಕಾಗದದ ಶಬ್ದಕ್ಕಿಂತ ಹೆಚ್ಚು ಮೃದುವಾಗಿರುತ್ತಿತ್ತೆಂದು ಹೇಳಲಾಗದು. ಆದರೆ ರೈತನ ದೂರು ಬೇರೆ, ಗೆದ್ದ ಸರ್ಕಾರದ ತೀರ್ಪು ಬೇರೆ. ಮಲೆನಾಡಿನ ಬಲಂ ಸೀಮೆಯ ಕೃಷ್ಣಪ್ಪ ನಾಯಕನು ತನ್ನ ಪೂರ್ವಿಕರ ನೆಲದಲ್ಲಿಯೇ ನಿಂತು ಅರಕೆರೆಯ ಕಾಡುಕೋಟೆಯಲ್ಲಿ ಇದೇ ದಂಡನ್ನು ಎದುರಿಸಿದನು. 1802ರ ಫೆಬ್ರವರಿಯಲ್ಲಿ ಅವನಿಗೂ ನೇಣೇ ಗತಿಯಾಯಿತು. ಒಬ್ಬನು ನೆಲೆಯಿಲ್ಲದ ಸೈನಿಕ, ಇನ್ನೊಬ್ಬನು ವಂಶಪರಂಪರೆಯ ಪಾಳೆಯಗಾರ. ಗೆದ್ದವರ ದೃಷ್ಟಿಯಲ್ಲಿ ಇಬ್ಬರೂ ಒಂದೇ.

ಆದಕಾರಣ ‘ದರೋಡೆಕೋರ’ನೆಂಬುದನ್ನು ವರ್ಣನೆಯೆಂದು ತಿಳಿಯದೆ ತೀರ್ಪೆಂದು ತಿಳಿಯಬೇಕು. ಪಾಠ ಹೇಳುವವರು ಆ ಶಬ್ದವನ್ನು ಬಿಡಬೇಕಾಗಿಲ್ಲ. ಅದು ಯಾರ ಮಾತೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಿದರೆ ಸಾಕು.