ಎಳೆಯ ಮಕ್ಕಳಲ್ಲಿ ಕನಿಕರ

ಎಳೆಯ ಮಕ್ಕಳು ಸ್ವಭಾವತಃ ಸ್ವಾರ್ಥಪರರೆಂದೂ, ದಯೆ ದಾಕ್ಷಿಣ್ಯಗಳು ಹಿರಿಯರು ಕಲಿಸಿದ ಮೇಲೆಯೇ ಬರತಕ್ಕವೆಂದೂ ನಮ್ಮಲ್ಲಿ ಅನೇಕರು ಭಾವಿಸಿರುವರು. ಕೈಯಲ್ಲಿನ ಆಟಿಕೆಯನ್ನು ಬಿಡಲೊಲ್ಲದೆ ರಂಪಮಾಡುವ ಕೂಸನ್ನು ಕಂಡಾಗ ಈ ಮಾತು ದಿಟವೆಂದೇ ತೋರುವುದು. ಆದರೆ ಮಕ್ಕಳನ್ನು ತಾಳ್ಮೆಯಿಂದ ಪರೀಕ್ಷಿಸಿದ ಪಂಡಿತರು ಕಂಡುಕೊಂಡ ಸಂಗತಿಯೇ ಬೇರೆ. ಕನಿಕರದ ಮೊಳಕೆಯು ನಾವೆಣಿಸುವುದಕ್ಕಿಂತ ಬಹು ಮುಂಚೆಯೇ ತಲೆಯೆತ್ತುವುದು. ಅದನ್ನು ಬಾಡಿಸದಿರುವುದೇ ನಮ್ಮ ಮುಖ್ಯ ಕರ್ತವ್ಯವು.

ಜೀವವಿಕಾಸವಾದದಿಂದ ಪ್ರಖ್ಯಾತನಾದ ಚಾರ್ಲ್ಸ್ ಡಾರ್ವಿನ್ ಮಹಾಶಯನು ತನ್ನ ಮಗನ ಶೈಶವವನ್ನು ಗಮನಿಸಿ ಬರೆದಿಟ್ಟಿದ್ದ ಸಂಗತಿಗಳನ್ನು ೧೮೭೭ರಲ್ಲಿ ಪ್ರಕಟಿಸಿದನು. ಮಗುವಿಗೆ ೬ ತಿಂಗಳು ೧೧ ದಿನಗಳಾಗಿದ್ದಾಗ ದಾದಿಯು ಅಳುವಂತೆ ನಟಿಸಲು, ಅದರ ಮೋರೆಯು ಬಾಡಿ ತುಟಿಯ ಕೊನೆಗಳು ಇಳಿದುವಂತೆ. ಆ ವಯಸ್ಸಿನ ಮಗುವು ಮರುಗಬಲ್ಲುದು, ನೆರವಾಗಲಾರದು.

ಎರಡನೆಯ ವರ್ಷದಲ್ಲಿ ನಡಿಗೆ ಬಂದ ಮೇಲೆ ಮರುಕವು ಕಾರ್ಯಕ್ಕಿಳಿಯುವುದು. ಅಮೇರಿಕದ ಕ್ಯಾರೊಲಿನ್ ಜಾನ್-ವ್ಯಾಕ್ಸ್‌ಲರ್ ಎಂಬ ವಿದುಷಿಯೂ ಅವರ ಸಂಗಡಿಗರೂ ತಾಯಂದಿರಿಗೇ ಗಮನಿಸುವ ಕ್ರಮವನ್ನು ಕಲಿಸಿ, ಮನೆಯಲ್ಲಿ ನಡೆದುದನ್ನು ಅವರಿಂದ ತಿಳಿದುಕೊಂಡರು. ನೊಂದವರ ಬಳಿಗೆ ಬಂದು ಸವರುವುದು, ಅಪ್ಪಿಕೊಳ್ಳುವುದು, ಏನಾದರೂ ತಂದುಕೊಡುವುದು—ಇವು ಒಂದರಿಂದ ಎರಡು ವರ್ಷದೊಳಗೆ ಹೆಚ್ಚುತ್ತ ಹೋಗುವುವೆಂದು ಅವರು ೧೯೯೨ರಲ್ಲಿ ಪ್ರಕಟಿಸಿದರು. ಆದರೆ ಸಂತೈಸುವ ಉಪಾಯ ಮಾತ್ರ ಮಗುವಿನದೇ. ಅಳುತ್ತಿದ್ದ ಜೊತೆಗಾರನ ತಾಯಿಯು ಹತ್ತಿರವೇ ಇದ್ದರೂ, ತನ್ನ ತಾಯಿಯನ್ನು ಕರೆತಂದ ಮಗುವೊಂದರ ವೃತ್ತಾಂತವನ್ನು ಮಾರ್ಟಿನ್ ಹಾಫ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಬರೆದಿರುವರು. ತನಗೆ ಸಮಾಧಾನ ತರುವುದೇ ಪರರಿಗೂ ತರುವುದೆಂದು ಅದರ ಎಣಿಕೆ!

ಜರ್ಮನಿಯ ಲೈಪ್‌ಸಿಗ್ ನಗರದಲ್ಲಿ ಫೆಲಿಕ್ಸ್ ವಾರ್ನೆಕೆನ್, ಮೈಕೆಲ್ ಟೊಮಾಸೆಲ್ಲೊ ಎಂಬವರು ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇನ್ನೂ ಸ್ವಾರಸ್ಯವಾದುದು. ೧೮ ತಿಂಗಳಿನ ೨೪ ಮಕ್ಕಳ ಮುಂದೆ, ಅವರ ಬಂಧುವಲ್ಲದ ಒಬ್ಬನು ಬಟ್ಟೆ ಹರವುತ್ತ ಕ್ಲಿಪ್ಪನ್ನು ಬೀಳಿಸಿ, ಅದು ಕೈಗೆಟುಕದೆ ಪೇಚಾಡಿದನು. ಕೈತುಂಬ ಪುಸ್ತಕಗಳನ್ನು ಹೊತ್ತು, ಮುಚ್ಚಿದ ಬೀರುವಿನ ಬಾಗಿಲಿಗೆ ತಾಗಿ ನಿಂತನು. ೨೨ ಮಕ್ಕಳು ಒಂದು ಸಲವಾದರೂ ನೆರವಿಗೆ ಬಂದರು. ಅವರಿಗೆ ಬಹುಮಾನವಿರಲಿಲ್ಲ, ಹೊಗಳಿಕೆಯೂ ಇರಲಿಲ್ಲ. ಅವನು ಬೇಕೆಂದೇ ಕ್ಲಿಪ್ಪನ್ನು ಎಸೆದಾಗಲಾದರೋ, ಎತ್ತಿಕೊಡುವುದು ತೀರ ಕಡಮೆಯಾಯಿತು. ಎಂದರೆ, ಕೊರತೆಯಾವುದು, ಇಚ್ಛೆಯಾವುದು ಎಂಬ ವಿವೇಕವೂ ಆ ಎಳೆಯ ಬುದ್ಧಿಗೆ ಉಂಟು.

ಇವರಿಬ್ಬರೇ ೨೦೦೮ರಲ್ಲಿ ೨೦ ತಿಂಗಳ ಮಕ್ಕಳ ವಿಷಯವಾಗಿ ಪ್ರಕಟಿಸಿದ ಸಂಗತಿಯನ್ನು ಗೃಹಸ್ಥರೆಲ್ಲರೂ ಮನನಮಾಡತಕ್ಕದ್ದು. ನೆರವಾದುದಕ್ಕೆ ಆಟದ ವಸ್ತುವನ್ನು ಬಹುಮಾನವಾಗಿ ಪಡೆದ ಮಕ್ಕಳು, ಅದು ನಿಂತ ಬಳಿಕ ಇತರ ಮಕ್ಕಳಿಗಿಂತ ಕಡಮೆ ನೆರವಾದರು. ಬರಿಯ ಮೆಚ್ಚುಮಾತನ್ನು ಕೇಳಿದವರಲ್ಲಾಗಲಿ, ಏನನ್ನೂ ಪಡೆಯದವರಲ್ಲಾಗಲಿ ಈ ಕುಂದು ಕಾಣಲಿಲ್ಲ. ಬೆಲ್ಲದ ಆಸೆ ತೋರಿಸಿ ಮಕ್ಕಳಿಂದ ಕೆಲಸಮಾಡಿಸುವ ನಾವು, ತಾನಾಗಿ ಹರಿಯುವ ನೀರಿಗೆ ಕೂಲಿ ಕಟ್ಟುತ್ತಿರುವೆವು.

ಇನ್ನೊಂದು ತಪ್ಪು ಇದಕ್ಕಿಂತ ಸಾಮಾನ್ಯವಾದುದು. ತಾಯಿಯು ಅಕ್ಕಿ ಆರಿಸುವಾಗ ಮಗುವು ಮೊರಕ್ಕೆ ಕೈಯಿಕ್ಕುವುದು. ಗುಡಿಸುವಾಗ ಪೊರಕೆಯನ್ನು ಹಿಡಿಯುವುದು. “ಹೋಗು, ಕೆಲಸ ಕೆಡಿಸಬೇಡ” ಎಂದು ನಾವು ಗದರುವೆವು. ಅದೇ ಮಗುವು ಹತ್ತು ವರ್ಷದ್ದಾದಾಗ, ಕೂಗಿದರೂ ಏಳುವುದಿಲ್ಲವೆಂದು ದೂರುವವರೂ ನಾವೇ. ಒಲೆಯಿಂದಲೂ ಈಳಿಗೆಯಿಂದಲೂ ಅದನ್ನು ದೂರವಿಡುವುದು ಅವಶ್ಯಕವೇ. ಉಳಿದ ಕೆಲಸಗಳಲ್ಲಿ ಒಂದು ಹಿಡಿ ಅಕ್ಕಿಯನ್ನು ಅದರ ಮುಂದೆ ಬೇರೆಯಾಗಿ ಹರಡಿದರೆ ನಷ್ಟವೇನು? ನಾಲ್ಕು ಕಾಳು ಚೆಲ್ಲೀತು, ಗುಡಿಸಿಕೊಳ್ಳಬಹುದು.