ವಾತರಕ್ತದ ರೋಗಿಯ ಶುಶ್ರೂಷೆ



ನಡುರಾತ್ರಿಯಲ್ಲಿ ಕಾಲಿನ ಹೆಬ್ಬೆರಳ ಬುಡವು ಥಟ್ಟನೆ ಊದಿ, ಕೆಂಪೇರಿ, ಹೊದಿಕೆಯ ಅಂಚು ಸೋಕಿದರೂ ರೋಗಿಯು ಚೀರುವಂತಾಗುವುದುಂಟು. ಡಾಕ್ಟರರು ಗೌಟ್ ಎಂದು ಕರೆಯುವ ವಾತರಕ್ತವು ಹಲವರಲ್ಲಿ ಹೀಗೆಯೇ ಮೊದಲು ತೋರುವುದು. ರಕ್ತದಲ್ಲಿ ಯೂರಿಕ್ ಆಮ್ಲವು ಮಿತಿಮೀರಿದಾಗ ಅದರ ಲವಣವು ಸೂಜಿಯಂತಹ ಹರಳುಗಳಾಗಿ ಕೀಲುಗಳಲ್ಲಿ ನೆಲಸುತ್ತದೆ. ನೋವಿಗೆ ಅದೇ ಮೂಲ.

ಎಣ್ಣೆ ಹಚ್ಚಿ ತಿಕ್ಕುವುದು, ಶಾಖ ಕೊಡುವುದು ನಮ್ಮ ಮನೆಗಳ ರೂಢಿ. ಇಲ್ಲಿ ಅವೆರಡೂ ಸಲ್ಲವು. ಕಾಲನ್ನು ದಿಂಬಿನ ಮೇಲೆ ಎತ್ತಿ ಇರಿಸಿ, ಪಾದದ ಬಳಿ ಒಂದು ಪೆಟ್ಟಿಗೆಯನ್ನು ನಿಲ್ಲಿಸಿ, ಹೊದಿಕೆಯ ಭಾರವೆಲ್ಲ ಅದರ ಮೇಲೆ ಬೀಳುವಂತೆ ಮಾಡತಕ್ಕುದು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 20 ನಿಮಿಷ ಇರಿಸಬಹುದು. ವೈದ್ಯರು ನೀರನ್ನು ಮಿತಗೊಳಿಸಿರದಿದ್ದರೆ ಧಾರಾಳವಾಗಿ ಕುಡಿಸಿರಿ. ಮೂತ್ರಪಿಂಡದ ರೋಗವುಳ್ಳವರಿಗೆ ನೋವಿನ ಮಾತ್ರೆಗಳನ್ನು ತಾವಾಗಿಯೇ ಕೊಡಬಾರದು. ಜೊತೆಯಲ್ಲಿ ಚಳಿಜ್ವರವಿದ್ದರೆ ಕೀಲಿನಲ್ಲಿ ಕೀವಾಗಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಈ ರೋಗಕ್ಕೆ ವೈದ್ಯರು ಕೊಡುವ ಕಾಲ್ಚಿಸಿನ್ ಎಂಬ ವಸ್ತುವು ನಮ್ಮ ಬೇಲಿಗಳಲ್ಲಿ ಹಬ್ಬುವ ಗೌರಿಹೂವಿನ ಗೆಡ್ಡೆಯಲ್ಲಿಯೂ ಉಂಟು. ಆದರೆ ಔಷಧದ ಅಳತೆಗೂ ವಿಷದ ಅಳತೆಗೂ ಅಂತರವು ಅತ್ಯಲ್ಪ. ಆ ಗೆಡ್ಡೆಯನ್ನು ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಆದುದರಿಂದ ಯಾರು ಹೇಳಿದರೂ ಅದನ್ನು ರೋಗಿಗೆ ಕೊಡದಿರಿ.

ಪಥ್ಯದ ಹೆಸರಿನಲ್ಲಿ ರೋಗಿಗೆ ಬೇಳೆಯ ಸಾರನ್ನೂ ಸೊಪ್ಪನ್ನೂ ನಿಲ್ಲಿಸುವ ಮನೆಗಳುಂಟು. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪರಿಶೀಲನೆಯಲ್ಲಿ ಮಾಂಸ, ಮೀನುಗಳಿಂದ ರೋಗದ ಸಂಭವವು ಹೆಚ್ಚಿತೇ ಹೊರತು ಕಾಳು ಸೊಪ್ಪುಗಳಿಂದ ಹೆಚ್ಚಲಿಲ್ಲ. ಕಡಿಮೆ ಮಾಡಬೇಕಾದುವು ಕುರಿಯ ಈಲಿ, ಭೂತಾಯಿ ಮೀನು, ಬಿಯರು, ಬಾಟಲಿಯ ಸಿಹಿ ಪಾನೀಯಗಳು.

ವಾರ ಹತ್ತು ದಿನಗಳಲ್ಲಿ ನೋವು ಅಡಗುತ್ತದೆ. ಮನೆಯವರು ರೋಗವೇ ಹೋಯಿತೆಂದು ನಿಶ್ಚಿಂತರಾಗುತ್ತಾರೆ. ಹರಳುಗಳು ಮಾತ್ರ ಅಲ್ಲಿಯೇ ಇರುತ್ತವೆ. 1966ರಿಂದ ಬಳಕೆಯಲ್ಲಿರುವ ಅಲೋಪ್ಯೂರಿನಾಲ್ ಎಂಬ ಮಾತ್ರೆಯಿಂದ ಯೂರಿಕ್ ಆಮ್ಲವನ್ನು ಡೆಸಿಲೀಟರಿಗೆ 6 ಮಿಲಿಗ್ರಾಮಿಗಿಂತ ಕೆಳಗೆ ಇಟ್ಟರೆ ಅವು ಮೆಲ್ಲಮೆಲ್ಲನೆ ಕರಗುತ್ತವೆ. ಕರಗುವ ಮೊದಲ ತಿಂಗಳುಗಳಲ್ಲಿ ನೋವು ಮರುಕಳಿಸುವುದುಂಟು. ಆಗ ಮಾತ್ರೆಯೇ ದೋಷಿಯೆಂದು ಬಗೆದು ನಿಲ್ಲಿಸುವವರು ಬಹಳ. ಅಂಥವರ ಕೀಲುಗಳು ಕ್ರಮೇಣ ಗಂಟುಗಟ್ಟಿ ಸೊಟ್ಟಗಾಗುತ್ತವೆ. ಮೈಮೇಲೆ ದದ್ದು ಎದ್ದರೆ ಅಥವಾ ಬಾಯಿ ಹುಣ್ಣಾದರೆ ಮಾತ್ರೆಯನ್ನು ಕೂಡಲೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಹಾಗಿಲ್ಲದಿದ್ದರೆ, ನೋವಿಲ್ಲದ ದಿನವೂ ನೆನಪಿನಿಂದ ಮಾತ್ರೆಯನ್ನು ಕೊಡುವುದೇ ಮನೆಯವರು ಮಾಡಬಹುದಾದ ದೊಡ್ಡ ಉಪಚಾರ.